ಟೇಪಕ್ಕ ಬಿಗಿ ಮಾಡದ ಲಂಗ

ಕೊರಳಲ್ಲಿ ಸದಾ ಅಳತೆಯ ಟೇಪು ನೇತಾಡುತ್ತಿದ್ದುದರಿಂದ ಶಾಲೆಯ ಹುಡುಗಿಯರಿಗೆಲ್ಲ ಅವಳು ಟೇಪಕ್ಕ. ಓದಿದ್ದು ಏಳನೆಯ ತರಗತಿ, ಇಪ್ಪತ್ತೆರಡು ವರ್ಷಗಳಿಂದ ಹೊಲಿಯುತ್ತಿದ್ದುದು ಅವರ ಸಮವಸ್ತ್ರ.

ಆ ವರ್ಷ ಅವಳ ತಮ್ಮನ ಮಗಳು, ಓಟದಲ್ಲಿ ಶಾಲೆಗೇ ಮೊದಲಿಗಳು, ಒಂದೇ ಲಂಗವನ್ನು ಮೂರನೆಯ ಸಲ ತಂದಳು.

“ಅತ್ತೆ, ಇನ್ನೊಂಚೂರು ಬಿಗಿ ಮಾಡಿಕೊಡಿ.”

ಟೇಪಕ್ಕನ ಕಾಲು ಮೆಷಿನ್ನಿನ ಮೇಲೆ ನಿಂತುಬಿಟ್ಟಿತು. ಹದಿನೈದರ ಹುಡುಗಿಯರ ಬಟ್ಟೆಯನ್ನು ಅವಳು ಹೊಲಿಗೆ ಬಿಚ್ಚಿ ಸಡಿಲ ಮಾಡುವುದೇ ಹೆಚ್ಚು. ಅಂಗಡಿಯ ಪರದೆ ಎಳೆದು ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

“ಮುಟ್ಟು ಸರಿಯಾಗಿ ಆಗ್ತಿದ್ಯಾ?”

“ಐದು ತಿಂಗಳಿಂದ ಇಲ್ಲ. ಒಳ್ಳೇದೇ ಆಯ್ತು ಬಿಡಿ, ಓಡೋಕೆ ಕಾಟ ಇಲ್ಲ.”

“ಊಟ?”

ಹುಡುಗಿ ನೆಲ ನೋಡಿದಳು. ಹಗುರಾದಷ್ಟೂ ವೇಗ ಎಂದು ಯಾರೋ ಹೇಳಿದ್ದರಂತೆ. ಬುತ್ತಿ ದಿನವೂ ಗೆಳತಿಯರ ಪಾಲಾಗುತ್ತಿತ್ತು.

ನಾಲಿಗೆಯ ತುದಿಗೆ ಬಂದ ಬೈಗುಳವನ್ನು ಟೇಪಕ್ಕ ನುಂಗಿಕೊಂಡಳು. “ಇದನ್ನ ನಾನು ಬಿಗಿ ಮಾಡಲ್ಲ ಕಣೆ. ನಾಳೆ ಡಾಕ್ಟರ ಹತ್ರ ಹೋಗೋಣ.”

ಹುಡುಗಿಯ ತಾಯಿ ಒಪ್ಪಲಿಲ್ಲ. “ತಾನಾಗೇ ಸರಿಹೋಗುತ್ತೆ ಅತ್ತಿಗೆ. ಊರಿಗೆಲ್ಲ ಡಂಗುರ ಸಾರಬೇಕಾ?”

“ಮನೆಗೆ ಬೆಂಕಿ ಬಿದ್ಮೇಲೆ ಬಾವಿ ತೋಡೋದು ಬೇಡ,” ಎಂದು ಟೇಪಕ್ಕ ಇಬ್ಬರನ್ನೂ ಹೊರಡಿಸಿಯೇಬಿಟ್ಟಳು.

ಪರೀಕ್ಷೆಗಳನ್ನೆಲ್ಲ ನೋಡಿ ಡಾಕ್ಟರಮ್ಮ ಹೇಳಿದರು: “ತಿಂದಿದ್ದು ಸಾಲದೆ ಮುಟ್ಟು ನಿಂತಿದೆ. ಹೀಗೇ ಬಿಟ್ರೆ ಮೂಳೆನೂ ಸವೆಯುತ್ತೆ. ಇದು ಹಟ ಅಲ್ಲಮ್ಮ, ಕಾಯಿಲೆ. ಬೈಬೇಡಿ.”

ಓಟ ನಿಂತಿತು. ವಾರಕ್ಕೊಮ್ಮೆ ಆಪ್ತಸಲಹೆಗಾರರ ಭೇಟಿ. ಮಧ್ಯಾಹ್ನದ ಊಟ ಮಾತ್ರ ಟೇಪಕ್ಕನ ಅಂಗಡಿಯಲ್ಲೇ, ಕತ್ತರಿಸಿದ ಬಟ್ಟೆಗಳನ್ನು ಪಕ್ಕಕ್ಕೆ ಸರಿಸಿ. ಕೆಲವು ದಿನ ಹುಡುಗಿ ತಟ್ಟೆ ನೋಡಿಯೇ ಅಳುತ್ತಿದ್ದಳು. ಟೇಪಕ್ಕ ಬಲವಂತ ಮಾಡದೆ ತಾನೂ ತಿನ್ನುತ್ತ, ಅಳತೆ ಕೊಡುವಾಗ ಉಸಿರು ಬಿಗಿಹಿಡಿದು, ಆಮೇಲೆ ರವಿಕೆ ಬಿಗಿಯಾಯಿತೆಂದು ಜಗಳಕ್ಕೆ ಬರುವವರ ಕಥೆ ಹೇಳುವಳು. ಅತ್ತವಳು ನಕ್ಕು ಒಂದು ತುತ್ತು ಎತ್ತುವಳು.

ಚಿಕಿತ್ಸೆ ಶುರುವಾದ ಏಳನೆಯ ತಿಂಗಳು ಒಂದು ಮಧ್ಯಾಹ್ನ ಹುಡುಗಿ ಏದುಸಿರು ಬಿಡುತ್ತ ಒಳನುಗ್ಗಿದಳು. “ಅತ್ತೆ, ಮುಟ್ಟು ಆಯ್ತು!” ಗಿರಾಕಿಗಳು ಮಿಕಮಿಕ ನೋಡಿದರು. ಟೇಪಕ್ಕ ಕೈಲಿದ್ದ ಕತ್ತರಿ ಇಟ್ಟು ಅವಳನ್ನು ಅಪ್ಪಿಕೊಂಡಳು.

ಡಾಕ್ಟರಮ್ಮ ಒಪ್ಪಿದ ಮೇಲೆ ಹುಡುಗಿ ಮತ್ತೆ ಓಡಿದಳು. ಮೂರನೆಯ ಸ್ಥಾನ ಬಂತು. ಬಹುಮಾನದ ದಿನ ಮೈಕ್ ಹಿಡಿದು, ಚಿಕ್ಕ ಹುಡುಗಿಯರಿಗೆ ಹೇಳಿದಳು: “ಮುಟ್ಟು ನಿಂತ್ರೆ ಮುಚ್ಚಿಡಬೇಡಿ. ಊಟ ಬಿಟ್ಟು ಯಾರೂ ಗೆಲ್ಲಲ್ಲ.” ದನಿ ಒಂದಿಷ್ಟೂ ತಗ್ಗಲಿಲ್ಲ.

ಹಿಂದಿನ ಸಾಲಿನಲ್ಲಿ ಟೇಪಕ್ಕ ಪಕ್ಕದ ಅಪರಿಚಿತೆಯನ್ನು ಮೊಣಕೈಯಿಂದ ತಿವಿದಳು. “ಕೇಳಿದ್ರಾ? ನಮ್ಮ ಹುಡುಗಿ!”