ಮಂಜಪ್ಪನ ಒಂದು ಸೋಲು

ನಾನು ಈ ಜನ್ಮದಲ್ಲಿ ಯಾರಿಗೂ ಒಂದು ಗುದ್ದು ಕೊಟ್ಟವನಲ್ಲ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದಾಗ ಡಸ್ಟರನ್ನು ಮೇಜಿಗೆ ಕುಟ್ಟಿದ್ದೇ ನನ್ನ ಅತ್ಯುಗ್ರ ಹಿಂಸಾಚಾರ. ಹೀಗಿದ್ದೂ ಜಗತ್ತಿನ ಹೆವಿವೇಯ್ಟ್ ಬಾಕ್ಸಿಂಗ್ ಚಾಂಪಿಯನ್ನರಲ್ಲಿ ಯಾರು ನಿಜವಾಗಿ ದೊಡ್ಡವರು, ಯಾರು ಬರೀ ದಪ್ಪಗಿದ್ದವರು ಎಂಬ ವಿಷಯದಲ್ಲಿ ನನ್ನ ಅಭಿಪ್ರಾಯ ಬಹಳ ಖಚಿತ. ಸಾಗರದ ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಬೆಳಗಿನ ಕಾಫಿಗೆ ಸೇರುವ ನಾವು ನಾಲ್ಕೈದು ಜನ ಮೊಬೈಲಿನಲ್ಲಿ ಹಳೆಯ ಪಂದ್ಯಗಳನ್ನು ನೋಡುತ್ತ, ಬನ್ಸ್ ಮುರಿಯುತ್ತ, ಚಾಂಪಿಯನ್ನರ ಹಣೆಬರಹ ಬರೆಯುತ್ತೇವೆ. ನಮ್ಮಲ್ಲಿ ಮೆಟ್ಟಿಲು ಹತ್ತಿದರೆ ಏದುಸಿರು ಬಿಡದವನು ಒಬ್ಬನೂ ಇಲ್ಲ.

ನಮ್ಮ ಮುಖ್ಯ ನ್ಯಾಯಾಧೀಶ ಹಾರ್ಡ್‌ವೇರ್ ಅಂಗಡಿಯ ಗಣಪತಿ. ಅವನ ಕಾನೂನು ಒಂದೇ: ಸೋತವನು ಸೋಲಿಸಿದವನನ್ನು ಮತ್ತೆ ಎದುರಿಸಿ ಸೇಡು ತೀರಿಸಿಕೊಂಡಿದ್ದರೆ ಸೋಲು ಮಾಫಿ. ಇಲ್ಲವಾದರೆ ಅವನು ಎಷ್ಟು ವರ್ಷ ಪಟ್ಟದಲ್ಲಿದ್ದರೂ ಚಾಂಪಿಯನ್ ಅಲ್ಲ. ಹಿಂದೆ ಒಬ್ಬ ಚಾಂಪಿಯನ್ನನನ್ನು ಕೆಡವಿದವನು ಅಲ್ಲಿಗೇ ಆಟ ಬಿಟ್ಟು ಮನೆ ಸೇರಿದನಂತೆ. ಹಾಗಾದರೆ ಸೋತವನು ಅವನ ಮನೆಗೇ ಹೋಗಿ, ಊಟಕ್ಕೆ ಕೂತವನನ್ನು ಎಬ್ಬಿಸಿ ಗುದ್ದಬೇಕಿತ್ತೇ ಎಂದು ಕೇಳಿದೆ. "ಗುದ್ದಬೇಕಿತ್ತು ಮಾರಾಯ" ಎಂದ ಗಣಪತಿ, ಎರಡನೇ ಬನ್ಸಿಗೆ ಕೈ ಹಾಕುತ್ತ.

ಇಕ್ಕೇರಿ ಕಡೆ ಹೋದಾಗ ಹಳೆಯ ವೀರಗಲ್ಲು ಕಂಡರೆ ನಾನು ನಿಲ್ಲುತ್ತೇನೆ. ಅಂಥ ಕಲ್ಲನ್ನು ನಮ್ಮ ಹಿರಿಯರು ನಿಲ್ಲಿಸಿದ್ದು ಪೆಟ್ಟು ತಿಂದು ಬಿದ್ದವರಿಗೆ. ಗೆದ್ದು ಮನೆಗೆ ಬಂದವರಿಗೆ ಬಿಸಿನೀರಿನ ಸ್ನಾನ ಸಿಕ್ಕಿರಬೇಕು, ಅಷ್ಟೆ. ಕಲ್ಲು ಕೆತ್ತುವ ಮೊದಲು ಸೇಡು ತೀರಿತೋ ಇಲ್ಲವೋ ಎಂದು ವಿಚಾರಿಸಲು ಆ ಕಾಲದಲ್ಲಿ ಗಣಪತಿ ಇರಲಿಲ್ಲ.

ಈ ಕಾನೂನು ಪರದೇಶದವರ ಮೇಲಷ್ಟೇ ನಡೆಯುತ್ತಿದ್ದರೆ ನಷ್ಟವಿರಲಿಲ್ಲ. ಅದಕ್ಕೆ ಸಿಕ್ಕಿಬಿದ್ದವನು ನಮ್ಮ ಮಂಜಪ್ಪ.

ಮಂಜಪ್ಪ ಶಾಲೆಯಲ್ಲಿ ನನಗಿಂತ ಒಂದು ಕ್ಲಾಸು ಹಿಂದಿದ್ದ, ಆದರೆ ಬಾಗಿಲಿನಲ್ಲಿ ನಿಂತರೆ ಬೆಳಕು ಬರುತ್ತಿರಲಿಲ್ಲ. ಗೇಣಿ ಮಾಡಿಕೊಂಡಿದ್ದ ಮನೆತನ. ಅಪ್ಪನ ಕಾಲಕ್ಕೆ ಗದ್ದೆ ಸ್ವಂತದ್ದಾಗಿತ್ತು. ಶಿವಮೊಗ್ಗದಲ್ಲಿ ಕಾಲೇಜು ಓದುವಾಗ ಬಾಕ್ಸಿಂಗ್ ಕಲಿತು, ವಿಶ್ವವಿದ್ಯಾಲಯಕ್ಕೇ ಹೆವಿವೇಯ್ಟ್ ಚಾಂಪಿಯನ್ ಆದ. ಒಮ್ಮೆಯಲ್ಲ, ಮೂರು ವರ್ಷ. ಆಮೇಲೆ ಹೊಸನಗರದ ಯುವಕ ಸಂಘವೊಂದು ಮೈದಾನದಲ್ಲಿ ಹಗ್ಗ ಕಟ್ಟಿ ಪ್ರದರ್ಶನ ಪಂದ್ಯ ಇಟ್ಟಿತು. ಎದುರಿಗೆ ತೀರ್ಥಹಳ್ಳಿಯ ಸೀತಾರಾಮ ಭಟ್ಟ, ದೇವಸ್ಥಾನದ ಪೂಜೆಯ ಮನೆಯವರು. ಜನ ನಕ್ಕರು. ಮೊದಲನೇ ಸುತ್ತು ಮುಗಿಯುವ ಮುಂಚೆ ಭಟ್ಟರ ಎಡಗೈ ಬಂದು ಮಂಜಪ್ಪನ ದವಡೆಗೆ ಬಿತ್ತು. ಮಂಜಪ್ಪ ಅಂಗಾತ ಮಲಗಿದ. ಹತ್ತು ಎಣಿಸಿದರೂ ಏಳಲಿಲ್ಲ.

ಆಮೇಲೆ ಅವನು ಸಾಗರ–ಹೊಸನಗರ ಬಸ್ಸಿನ ಡ್ರೈವರ್ ಆದ. ಅವನ ಬಸ್ಸು ಪ್ರತಿದಿನ ಆ ಮೈದಾನದ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಮುಂದಿನ ಸೀಟಿನಲ್ಲಿ ಕೂತ ಯಾರಾದರೊಬ್ಬರು, "ಮಂಜಣ್ಣ, ಇಲ್ಲೇ ಅಲ್ವಾ ನೀವು ಮಲಗಿದ್ದು?" ಎನ್ನುವರು. ಬಸ್ಸೆಲ್ಲ ನಗುವುದು. ಮಂಜಪ್ಪ ಗೇರ್ ಬದಲಿಸುವನು. ಮೂರು ವರ್ಷದ ಗೆಲುವು ಯಾರ ಬಾಯಲ್ಲೂ ಇರಲಿಲ್ಲ. ಸೇಡು ತೀರಿಸಲು ಅವನು ಹೋಗಲೇ ಇಲ್ಲ, ಹೆದರಿದ ಎಂದು ಊರು ತೀರ್ಮಾನಿಸಿತ್ತು. ನಾಚಿಕೆಯಿಂದ ಹೇಳುತ್ತೇನೆ, ಬಸ್ಸಿನಲ್ಲಿ ನಕ್ಕವರಲ್ಲಿ ನಾನೂ ಇದ್ದೆ.

ಕಳೆದ ವರ್ಷ ಅವನು ಸ್ಟೇರಿಂಗ್ ಬಿಟ್ಟ. ಹೋಟೆಲಿನ ನಮ್ಮ ಗುಂಪಿಗೆ ಒಮ್ಮೆಲೇ ಅಭಿಮಾನ ಉಕ್ಕಿ, ಸನ್ಮಾನ ಮಾಡುವುದೆಂದು ತೀರ್ಮಾನವಾಯಿತು. ಸನ್ಮಾನಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು "ಅಜೇಯ" ಎಂದು ಬರೆದೆ. ಗಣಪತಿ ಅದರ ಮೇಲೆ ಬೆರಳಿಟ್ಟ.

"ಇದು ಸುಳ್ಳಾಗ್ತದಲ್ಲ ಮೇಷ್ಟ್ರೇ. ಆ ಒಂದು ಕಲೆ ಮೊದ್ಲು ತೊಳೀಬೇಕು. ಭಟ್ರನ್ನೇ ಕರ್ಸಿ ವೇದಿಕೆ ಮೇಲೆ ಏನಾದ್ರೂ ಒಪ್ಪಿಸಿದ್ರೆ ಹೆಂಗೆ?"

ಮಂಜಪ್ಪನಿಗೆ ಒಂದು ಮಾತೂ ತಿಳಿಸದೆ ನಾವಿಬ್ಬರು ಗಣಪತಿಯ ಕಾರಿನಲ್ಲಿ ತೀರ್ಥಹಳ್ಳಿಗೆ ಹೊರಟೆವು. ಅಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಭಟ್ಟರ ಮನೆ ಕೇಳಿದಾಗ ಆಟೋದವನು ನಕ್ಕ. "ಯಾರು, ಒಂದೇ ಗುದ್ದಿನ ಭಟ್ರಾ? ಹಿಂಗೇ ನೆಟ್ಟಗೆ ಹೋಗಿ."

ಭಟ್ಟರು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರರಾಗಿ ನಿವೃತ್ತರಾದವರು, ಈಗಲೂ ಬೆನ್ನು ನೆಟ್ಟಗೆ. ಮಂಜಪ್ಪನ ಹೆಸರು ಹೇಳಿದ ಕೂಡಲೇ ಎದ್ದು ನಿಂತರು.

"ನಮ್ಮೂರಲ್ಲಿ ನನ್ನ ಹೆಸ್ರು ಕೇಳಿದ್ರಲ್ಲ? ನಲವತ್ತು ವರ್ಷ ಆಯ್ತು ಮಾರಾಯ್ರೆ. ಎಂಥದೋ ಕುರುಡು ಗುದ್ದು, ಅಕಸ್ಮಾತ್ ಬಿತ್ತು, ಇಲ್ದಿದ್ರೆ ಈ ಭಟ್ಟ ಎಲ್ಲಿ, ಆ ಮಂಜಪ್ಪ ಎಲ್ಲಿ ಅಂತಾರೆ. ಎಡಗೈ ಮುಂದೆ ಮಾಡಿದ್ರೆ ಅಜ್ಜಿ ಬರೆ ಹಾಕ್ತೀನಿ ಅಂತಿದ್ರು. ಆ ಎಡಗೈಲಿ ಒಂದು ಗೆದ್ದೆ, ಅದನ್ನೂ ಯಾರೂ ಒಪ್ಲಿಲ್ಲ."

ಆಗ ನನಗೆ ತೀರ್ಪು ಕೊಡುವ ನಮ್ಮ ಕಸುಬಿನ ಪೂರ್ತಿ ಸೊಬಗು ಕಂಡಿತು. ಸಾಗರದಲ್ಲಿ ಒಬ್ಬನನ್ನು ಒಂದು ಸಲ ಸೋತನೆಂದು ಆಡಿಕೊಂಡೆವು. ತೀರ್ಥಹಳ್ಳಿಯಲ್ಲಿ ಇನ್ನೊಬ್ಬರನ್ನು ಒಂದೇ ಸಲ ಗೆದ್ದರೆಂದು ಆಡಿಕೊಂಡರು. ಹೋಟೆಲುಗಳಲ್ಲಿ ಕೂತವರು ಮಾತ್ರ ಎರಡೂ ಊರಲ್ಲಿ ಒಂದು ಪಂದ್ಯವನ್ನೂ ಸೋತಿರಲಿಲ್ಲ.

ಭಟ್ಟರು ಒಳಗೆ ಹೋಗಿ ಮೂರು ಕಾಗದ ತಂದರು. ಮಂಜಪ್ಪ ಬರೆದದ್ದು. ಮತ್ತೊಮ್ಮೆ ಆಡೋಣ, ನೀವು ಹೇಳಿದ ಊರಿಗೆ ನಾನೇ ಬರುತ್ತೇನೆ ಎಂದು ಮೂರರಲ್ಲೂ ಕೇಳಿದ್ದ.

"ನಾನು ಉತ್ತರ ಬರೀಲಿಲ್ಲ" ಎಂದರು ಭಟ್ಟರು. "ಮತ್ತೆ ಆಡಿದ್ರೆ ಸೋಲ್ತೀನಿ ಅಂತ ಗೊತ್ತಿತ್ತು. ಇದ್ದದ್ದು ಒಂದೇ ಗೆಲುವು. ಅವ್ರು ಕರೀಲೇ ಇಲ್ಲ ಅಂತ ಕೇಳಿದವ್ರಿಗೆಲ್ಲ ಹೇಳ್ದೆ. ಬರ್ತೀನಿ, ಅಲ್ಲಿ ಬಂದು ಎಲ್ರೆದುರು ಹೇಳ್ತೀನಿ."

ವಾಪಸು ಬರುವಾಗ ಗಣಪತಿ ಸ್ಟೇರಿಂಗ್ ಮೇಲೆ ತಾಳ ಹಾಕಿದ. ಸೋಲು ರದ್ದಾಯಿತು ಎಂಬುದು ಅವನ ಲೆಕ್ಕ. ನಾನು ಮಾತ್ರ, ಆ ಕಾಗದಗಳ ವಿಷಯವನ್ನು ಇಷ್ಟು ವರ್ಷ ಬಾಯಿಬಿಡದೆ ಬಸ್ಸು ಓಡಿಸಿದವನ ಬೆನ್ನನ್ನು ನೆನೆಸಿಕೊಳ್ಳುತ್ತಿದ್ದೆ.

ಸನ್ಮಾನದ ದಿನ ಸಭಾಭವನ ತುಂಬಿತ್ತು. ಭಟ್ಟರು ವೇದಿಕೆ ಹತ್ತಿದ್ದನ್ನು ಕಂಡು ಮಂಜಪ್ಪನ ಮುಖ ಬಿಳುಚಿತು. ಭಟ್ಟರು ಮೈಕ್ ಹಿಡಿದು ಕಾಗದಗಳ ಕಥೆ ಹೇಳಿದರು. "ಹೆದರಿದ್ದು ನಾನು. ಆ ಗೆಲುವು ನಂದಲ್ಲ ಅಂತ ಈಗ ಒಪ್ಕಳ್ತೀನಿ" ಎಂದರು. ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಗಣಪತಿ.

ಮಂಜಪ್ಪ ಹೆಗಲ ಮೇಲಿನ ಶಾಲನ್ನು ತೆಗೆದು ಕುರ್ಚಿಯ ಮೇಲಿಟ್ಟ. ಮೈಕ್ ಇಸಿದುಕೊಂಡ. ಅವನು ಕೋಪಗೊಂಡದ್ದನ್ನು ನಾನು ಮೊದಲ ಸಲ ಕಂಡೆ.

"ಯಾರ್ರೀ ಇವ್ರನ್ನ ಕರ್ಸಿ ಹಿಂಗೆ ಹೇಳ್ಸಿದ್ದು? ನಾನು ಅವತ್ತು ಸೋತಿದ್ದೆ. ಸರಿಯಾಗೇ ಸೋತಿದ್ದೆ. ಕುರುಡು ಗುದ್ದಲ್ಲ ಅದು. ಭಟ್ರು ಬಲಗೈ ತೋರ್ಸಿ ಎಡಗೈ ಬಿಟ್ರು, ನಂಗೆ ಬಂದಿದ್ದೇ ಕಾಣ್ಲಿಲ್ಲ. ಅಂಥ ಹೊಡ್ತ ನಾನು ಯಾರಿಗೂ ಹೊಡ್ದಿಲ್ಲ. ಇನ್ನೊಂದು ಸಲ ಆಡಿ ಗೆದ್ದಿದ್ರೂ ಅವತ್ತಿಂದು ಅವತ್ತಿಂದೇ. ಅವ್ರ ಗೆಲುವು ಕಿತ್ಕಂಡು ನಂಗೆ ಕೊಡೋಕೆ ನೀವ್ಯಾರು?"

ಭಟ್ಟರು ಕನ್ನಡಕ ತೆಗೆದು ಒರೆಸತೊಡಗಿದರು, ಒರೆಸುತ್ತಲೇ ಇದ್ದರು. ಮುಂದಿನ ಸರದಿ ನನ್ನದು. ನಾನು ಸನ್ಮಾನಪತ್ರ ಓದಲು ನಿಂತೆ. ಬಣ್ಣದ ಚೌಕಟ್ಟಿನೊಳಗಿನ ನನ್ನ ವಿಶೇಷಣಗಳು ಒಂದಕ್ಕಿಂತ ಒಂದು ಪೊಳ್ಳಾಗಿ ಕಂಡವು. ಅರ್ಧ ನುಂಗಿ, ಉಳಿದರ್ಧ ತೊದಲಿ ಕೂತೆ. ಯಾರಿಗೂ ವ್ಯತ್ಯಾಸ ತಿಳಿದಂತೆ ಕಾಣಲಿಲ್ಲ.

ಊಟದ ಹಾಲ್‌ಗೆ ಹೋದಾಗ ಎಲೆ ಹಾಕಿಯಾಗಿತ್ತು, ಅವರಿಬ್ಬರು ಮಾತ್ರ ಕೂತಿರಲಿಲ್ಲ. ಮಂಜಪ್ಪ ಭಟ್ಟರನ್ನು ಕಂಬದ ಪಕ್ಕ ನಿಲ್ಲಿಸಿಕೊಂಡು, "ಒಂದ್ಸಲ ತೋರ್ಸಿ ಭಟ್ರೇ, ನಿಧಾನಕ್ಕೆ. ಕಾಲು ಎಲ್ಲಿಟ್ಟಿದ್ರಿ?" ಎನ್ನುತ್ತಿದ್ದ. ಭಟ್ಟರು ಪಂಚೆ ಎತ್ತಿ ಕಟ್ಟಿ, ಎಡಗಾಲು ಹಿಂದಿಟ್ಟು, ಬಲಗೈ ಆಡಿಸಿ, ಎಡಮುಷ್ಟಿಯನ್ನು ಗಾಳಿಯಲ್ಲಿ ತೇಲಿಸಿ ತಂದು ಅವನ ದವಡೆಗೆ ಮುಟ್ಟಿಸಿ ನಿಲ್ಲಿಸಿದರು. ಮಂಜಪ್ಪ ಕಣ್ಣು ಮುಚ್ಚಿ, ತಲೆಯನ್ನು ಆ ಮುಷ್ಟಿಯ ಮೇಲೆ ಒಂದು ಕ್ಷಣ ಹಾಗೇ ಒರಗಿಸಿದ. ಆಮೇಲೆ ಮಗುವಿನಂತೆ ನಕ್ಕ.

"ಹ್ಞಾಂ, ಈಗ ಗೊತ್ತಾಯ್ತು. ಇನ್ನೊಂದ್ಸಲ ತೋರ್ಸಿ."

ನನ್ನ ಪಕ್ಕ ನಿಂತಿದ್ದ ಗಣಪತಿ ಬಹಳ ಚಿಂತೆಯಿಂದ ಕಿವಿಯಲ್ಲಿ ಕೇಳಿದ: "ಮೇಷ್ಟ್ರೇ, ಈಗ ಯಾರು ಗೆದ್ದಂಗಾಯ್ತು?"