ಪರದೆಯ ಹಿಂಬದಿಯ ದೆವ್ವ

ದೆವ್ವದ ಚಿತ್ರಗಳ ಬಗ್ಗೆ ಯಾರಾದರೂ ತಾತ್ಸಾರದಿಂದ ಮಾತನಾಡಿದರೆ ನನಗೆ ಈಗಲೂ ಮೈ ಉರಿಯುತ್ತದೆ. ದೇವರ ಚಿತ್ರ ನೋಡಿ ಪುಣ್ಯ ಬಂತು ಎನ್ನುವವರನ್ನು ಬೇಕಾದಷ್ಟು ಕಂಡಿದ್ದೇನೆ. ಬರಲಿ, ಸಂತೋಷ. ನನಗೆ ಒಳ್ಳೆಯದಾದದ್ದು ಮಾತ್ರ ಒಂದು ದೆವ್ವದ ಚಿತ್ರದಿಂದ, ಅದರ ಬಗ್ಗೆ ನಮ್ಮ ಮನೆಯ ಜಗಲಿಯಲ್ಲಿ ನಡೆದ ಜಗಳದಂಥ ಚರ್ಚೆಯಿಂದ, ಆ ಚರ್ಚೆಗೆಲ್ಲ ಯಜಮಾನಿಯಾಗಿದ್ದ ನನ್ನ ಅಜ್ಜಿಯಿಂದ. ಆ ಋಣವನ್ನು ಬರೆದಿಡಬೇಕೆಂದು ಬಹಳ ದಿನದಿಂದ ಅಂದುಕೊಳ್ಳುತ್ತಿದ್ದೆ.

ಇಪ್ಪತ್ತರ ದಶಕ ಆಗ ತಾನೇ ಶುರುವಾಗಿತ್ತು. ನಾನು ಇನ್ನೂ ಲಂಗ ಉಡುವ ಹುಡುಗಿ. ನಮ್ಮದು ಚಾಮರಾಜಪೇಟೆಯ ಅಡ್ಡರಸ್ತೆಯೊಂದರಲ್ಲಿ ಹೆಂಚಿನ ಮನೆ, ತರಕಾರಿ ವ್ಯಾಪಾರದ ಕುಟುಂಬ. ಅಪ್ಪನ ತಾಯಿಯಾದ ಅಜ್ಜಿ ಬೆಳಗಾಗುವ ಮುಂಚೆಯೇ ಅಪ್ಪನ ಜೊತೆ ಮಾರುಕಟ್ಟೆಗೆ ಹೋಗಿ, ಮಾರಿ, ಬೈದು, ಬೈಸಿಕೊಂಡು ಮಧ್ಯಾಹ್ನದ ಊಟಕ್ಕೆ ಮನೆ ಸೇರುತ್ತಿದ್ದಳು. ಊಟವಾದ ಮೇಲೆ ಬೀದಿಯ ಹೆಂಗಸರೆಲ್ಲ ನಮ್ಮ ಜಗಲಿಗೆ ಬರುತ್ತಿದ್ದರು. ಅವರೆಕಾಯಿ ಕಾಲದಲ್ಲಂತೂ ಜಗಲಿ ಸಾಲುತ್ತಿರಲಿಲ್ಲ. ಒಬ್ಬೊಬ್ಬರೂ ತಮ್ಮ ಮನೆಯ ನೆನೆಸಿದ ಕಾಳು ತಂದು ಸುರಿದು, ಎಲ್ಲರೂ ಸೇರಿ ಹಿದುಕಿ, ಸಂಜೆ ಬೇಳೆಯನ್ನು ಪಾಲು ಮಾಡಿಕೊಂಡು ಹೋಗುವುದು ನಮ್ಮ ಬೀದಿಯ ಪದ್ಧತಿ. ಕಾಳನ್ನು ಎರಡು ಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಪಾತ್ರೆಗೆ ಚಿಮ್ಮಬೇಕು. ಅದಕ್ಕೆ ಕಣ್ಣೂ ಬೇಡ, ಬುದ್ಧಿಯೂ ಬೇಡ. ಬಾಯಿ ಪೂರ್ತಿ ಬಿಡುವಾಗಿರುತ್ತದೆ.

ಆ ಬಾಯಿಗೆ ಸಿಕ್ಕಿದ್ದು ಬಯಸ್ಕೋಪು. ಚಳಿಗಾಲ ಬಂತೆಂದರೆ ನಮ್ಮ ಮನೆಗೆ ಹತ್ತಿರದ ಬಯಲಿನಲ್ಲಿ ಒಂದು ಡೇರೆ ಏಳುತ್ತಿತ್ತು. ಮಾತಿಲ್ಲದ ಚಿತ್ರಗಳ ಕಾಲ. ಡೇರೆಯ ನಡುವೆ ದೊಡ್ಡ ಬಿಳಿ ಬಟ್ಟೆ ಕಟ್ಟಿ, ಆಟ ಶುರುವಾಗುವ ಮುಂಚೆ ಅದಕ್ಕೆ ನೀರೆರಚಿ ಒದ್ದೆ ಮಾಡುತ್ತಿದ್ದರು. ಗಂಡಸರು ಬಟ್ಟೆಯ ಮುಂದೆ ಕೂರುವುದು, ಹೆಂಗಸರು ಮಕ್ಕಳು ಬಟ್ಟೆಯ ಹಿಂದೆ. ಬಟ್ಟೆ ಒದ್ದೆಯಾಗಿರುತ್ತಿದ್ದುದರಿಂದ ಚಿತ್ರ ನಮ್ಮ ಕಡೆಗೂ ಚೆನ್ನಾಗಿಯೇ ಕಾಣುತ್ತಿತ್ತು. ಕತೆ ವಿವರಿಸುವವನೊಬ್ಬ ಗಂಡಸರ ಕಡೆ ನಿಂತು ಕೂಗಿ ಹೇಳುತ್ತಿದ್ದ. ನಮಗೆ ಅವನ ಗಂಟಲು ಮಾತ್ರ ಪರಿಚಯ, ಮುಖ ಗೊತ್ತಿಲ್ಲ. ನಮ್ಮನ್ನು ಹಿಂದೆ ಕೂರಿಸಿದರಲ್ಲ ಎಂದು ಯಾರಾದರೂ ಗೊಣಗಿದರೆ ಅಜ್ಜಿ, “ಮುಂದೆ ಕೂತ್ರೇನು ಹಿಂದೆ ಕೂತ್ರೇನ್ರೇ, ದೆವ್ವ ಒಂದೇ” ಎನ್ನುತ್ತಿದ್ದಳು.

ಅಜ್ಜಿಗೆ ದೆವ್ವದ ಚಿತ್ರವೆಂದರೆ ಪ್ರಾಣ. ಹೆದರುವುದಕ್ಕಲ್ಲ, ತಪ್ಪು ಹಿಡಿಯುವುದಕ್ಕೆ. ಮಾರನೆಯ ದಿನ ಕಾಳು ಹಿದುಕುತ್ತ ಅವಳು ತೀರ್ಪು ಕೊಡುವವರೆಗೂ ಬೀದಿಯಲ್ಲಿ ಯಾರೂ ಆ ಚಿತ್ರ ಚೆನ್ನಾಗಿದೆ ಅಥವಾ ಇಲ್ಲ ಎಂದು ಬಾಯಿ ಬಿಡುತ್ತಿರಲಿಲ್ಲ. ಅವಳ ತೀರ್ಪೆಲ್ಲ ತರಕಾರಿ ಅಂಗಡಿಯ ಮಾತಿನಲ್ಲೇ. ಪೆಟ್ಟಿಗೆಯೊಳಗೆ ಮಲಗಿ ಕತ್ತಲಾದ ಮೇಲೆ ಏಳುವ ಬಿಳಿಯರ ದೇಶದ ದೆವ್ವವನ್ನು ನೋಡಿಬಂದು, “ಎಳಸು. ಇನ್ನೂ ಬಲಿಯಬೇಕಿತ್ತು” ಎಂದಳು. ತಲೆಬುರುಡೆ ತಾನಾಗಿಯೇ ಉರುಳುವ ಇನ್ನೊಂದು ಚಿತ್ರ ಅವಳ ಲೆಕ್ಕದಲ್ಲಿ ಹುಳುಕು, ದಾರ ಕಟ್ಟಿ ಎಳೆದದ್ದು ಕಣ್ಣಿಗೆ ಕಂಡಿತಂತೆ. ನಮ್ಮ ದೇಶದ ಚಿತ್ರಗಳಲ್ಲಿ ಹೆಣ್ಣುದೆವ್ವದ ವೇಷವನ್ನು ಗಂಡಸರು ಹಾಕುತ್ತಿದ್ದುದೂ ಅವಳ ಕಣ್ಣಿಗೆ ತಪ್ಪಿರಲಿಲ್ಲ. “ಮೊಣಕೈ ನೋಡಿದ್ರೇನ್ರೇ? ಗರಡಿ ಮನೆಯಿಂದ ನೇರ ಬಂದವ್ನೆ.” ಎಲ್ಲಕ್ಕಿಂತ ದೊಡ್ಡ ದೂರು ಪಾದದ್ದು. ದೆವ್ವದ ಪಾದ ಹಿಂದುಮುಂದಾಗಿರಬೇಕು, ಇದು ಎಳೆಮಗುವಿಗೂ ಗೊತ್ತು. ಆದರೆ ಚಿತ್ರದ ಒಂದು ದೆವ್ವಕ್ಕೂ ಅದು ಗೊತ್ತಿರಲಿಲ್ಲ.

ಈಗ ನನ್ನ ವಿಷಯ ಹೇಳಬೇಕು. ನಾನು ಎಡಚಿ. ಊಟಕ್ಕೆ, ಕಸ ಗುಡಿಸುವುದಕ್ಕೆ, ಹೂ ಕಟ್ಟುವುದಕ್ಕೆ, ಎಲ್ಲಕ್ಕೂ ಮೊದಲು ಎಡಗೈಯೇ ಮುಂದಾಗುತ್ತಿತ್ತು. ಅವ್ವ ಆ ಕೈಗೆ ಹೊಡೆದು ಹೊಡೆದು ಸಾಕಾಗಿದ್ದಳು. ಊಟವನ್ನು ಹೇಗೋ ಬಲಗೈಗೆ ತಿರುಗಿಸಿದ್ದಳು, ಉಳಿದದ್ದು ತಿರುಗಲಿಲ್ಲ. ಎಡಗೈಯಲ್ಲಿ ಬಡಿಸುವ ಹುಡುಗಿಯನ್ನು ಯಾವ ಮನೆಯವರು ಸೊಸೆ ಮಾಡಿಕೊಂಡಾರು ಎನ್ನುವುದು ಅವಳ ಚಿಂತೆ. ಅವಳದು ತಪ್ಪು ಎನ್ನಲಾರೆ, ಆ ಕಾಲದಲ್ಲಿ ಅದು ಸಣ್ಣ ಚಿಂತೆಯಾಗಿರಲಿಲ್ಲ.

ಆ ಚಳಿಗಾಲದಲ್ಲಿ ಬೊಂಬಾಯಿ ಕಡೆಯಿಂದ ಒಂದು ಹೊಸ ಚಿತ್ರ ಬಂತು. ದೊಡ್ಡ ಮನೆಯೊಂದರ ಯಜಮಾನನಿಗೆ ಎರಡನೇ ಮದುವೆ. ಸತ್ತ ಮೊದಲ ಹೆಂಡತಿ ದೆವ್ವವಾಗಿ ಆ ಮನೆಯಲ್ಲೇ ಇದ್ದಾಳೆ. ಒಂದು ಕಡೆ ಬಾಗಿಲ ಸಂದಿನಿಂದ ಅವಳ ಕೈ ಮಾತ್ರ ಮೆಲ್ಲಗೆ ಒಳಗೆ ಬರುತ್ತದೆ. ಪರದೆಯ ತುಂಬ ಒಂದೇ ಕೈ, ಉದ್ದ ಉಗುರು. ಅದು ಮಲಗಿದ್ದ ಯಜಮಾನನ ಕತ್ತು ಹಿಡಿಯುತ್ತಲೇ ನಮ್ಮ ಕಡೆಯ ಹೆಂಗಸರೆಲ್ಲ ಕಿಟಾರನೆ ಕಿರುಚಿ ಮುಖಕ್ಕೆ ಸೆರಗು ಮುಚ್ಚಿಕೊಂಡರು. ಕೊನೆಯಲ್ಲಿ ಎರಡನೇ ಹೆಂಡತಿ, ಆ ಮನೆಯ ಹೊಸ ಸೊಸೆ, ದೇವರ ಮುಂದೆ ದೀಪ ಹಚ್ಚಿ ದೆವ್ವವನ್ನು ಓಡಿಸುತ್ತಾಳೆ. ಅದನ್ನು ನೋಡಲು ಸೆರಗು ತೆಗೆದವರು ಎಷ್ಟು ಜನವೋ ದೇವರಿಗೇ ಗೊತ್ತು.

ಮಾರನೆಯ ಮಧ್ಯಾಹ್ನ ಜಗಲಿಯಲ್ಲಿ ಎದುರುಮನೆಯಾಕೆ ಮೊದಲು ಮಾತೆತ್ತಿದಳು. ಅವಳು ಕೆಟ್ಟವಳಲ್ಲ, ಹೆದರಿಕೆ ಜಾಸ್ತಿ, ಅಷ್ಟೇ.

“ಆ ಕೈ ನೋಡಿದ್ರಾ? ಎಡಗೈ! ಎಡಗೈಲೇ ಕತ್ತು ಹಿಡಿದದ್ದು.”

ಹೌದು ಹೌದು ಎಂದರು ಎಲ್ಲರೂ. ನಾನೂ ನೋಡಿದ್ದೆ, ಎಡಗೈಯೇ. ಆಮೇಲೆ ಒಬ್ಬೊಬ್ಬರ ಕಣ್ಣೂ ನನ್ನ ಕಡೆ ತಿರುಗಿತು. ನಾನು ಎಡಗೈಯಲ್ಲಿ ಕಾಳು ಹಿದುಕುತ್ತ ಕೂತಿದ್ದೆ. ಎದುರುಮನೆಯಾಕೆ ತನ್ನ ಪಾತ್ರೆಯನ್ನು ನನ್ನ ಮುಂದಿನಿಂದ ಎಳೆದುಕೊಂಡಳು. ಅವಳ ಪಕ್ಕದವಳೂ ಎಳೆದುಕೊಂಡಳು. ನನ್ನ ಎದುರಿಗೆ ನಮ್ಮ ಮನೆಯ ಪಾತ್ರೆ ಮಾತ್ರ ಉಳಿಯಿತು.

“ಬರೆ ಹಾಕ್ಸೇ,” ಎಂದಳು ಎದುರುಮನೆಯಾಕೆ ಅವ್ವನಿಗೆ. “ಕೈ ಇನ್ನೂ ಎಳೇದು. ಈಗ ಹಾಕ್ಸಿದ್ರೆ ಬುದ್ಧಿ ಬರುತ್ತೆ.”

ಎಡಚ ಮಕ್ಕಳಿಗೆ ಬಳೆಚೂರು ಕಾಸಿ ಅಂಗೈಗೆ ಬರೆ ಎಳೆಯುವ ಮುದುಕಿಯೊಬ್ಬಳು ಗವೀಪುರದ ಕಡೆಯಿಂದ ಬರುತ್ತಿದ್ದಳು. ಗಾಯ ಮಾಯುವವರೆಗೆ ಆ ಕೈ ಉಪಯೋಗಕ್ಕೆ ಬಾರದು, ಅಷ್ಟರಲ್ಲಿ ಬಲಗೈ ರೂಢಿಯಾಗುತ್ತದೆ ಎಂಬ ಲೆಕ್ಕ. ಬರುವ ಸೋಮವಾರ ಅವಳನ್ನು ಕರೆಸುವುದೆಂದು ಅವ್ವ ಅಲ್ಲೇ ತೀರ್ಮಾನಿಸಿದಳು. ಅಲ್ಲಿಯವರೆಗೆ ಹಳೆಯ ಸೀರೆಯ ತುಂಡಿನಿಂದ ನನ್ನ ಎಡ ಮುಷ್ಟಿಯನ್ನು ಬಿಗಿಯಾಗಿ ಕಟ್ಟಿದಳು. ಕಟ್ಟುವಾಗ ಅವಳ ಕಣ್ಣಲ್ಲಿ ನೀರಿತ್ತು. ನನಗೆ ಅಳು ಬರಲಿಲ್ಲ, ಅಜ್ಜಿಯ ಮೇಲೆ ಕೋಪ ಬಂತು. ಮಾರುಕಟ್ಟೆಯಲ್ಲಿ ಒಂದು ಕಾಸಿಗೆ ಊರು ಒಂದು ಮಾಡುವ ಅಜ್ಜಿ ಎಲೆ ಅಡಿಕೆ ಮೆಲ್ಲುತ್ತ ಸುಮ್ಮನೆ ಕೂತಿದ್ದಳು.

ಬಹಳ ಹೊತ್ತಾದ ಮೇಲೆ ಅವಳು ಬಾಯಿ ತೊಳೆದು ಬಂದು ಕೂತು ಕೇಳಿದಳು.

“ಬರೆ ಮಾತು ಆಮೇಲೆ. ಚಿತ್ರದ ಮಾತು ಇನ್ನೂ ಮುಗ್ದಿಲ್ಲ. ಆ ದೆವ್ವನ ಓಡ್ಸಿದ್ಯಾರು?”

“ಹೊಸ ಸೊಸೆ.”

“ಏನು ಮಾಡಿ?”

“ದೀಪ ಹಚ್ಚಿ.”

“ಯಾವ ಕೈಲಿ ಹಚ್ಚಿದ್ಲು?”

ಎಲ್ಲರೂ ಪಾತ್ರೆಯ ಕಾಳಿನ ಕಡೆ ಬಗ್ಗಿದರು. ಅಜ್ಜಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. “ಸೆರಗೊಳಗೆ ಕೂತು ಚಿತ್ರ ನೋಡಿದ್ರೆ ಹಿಂಗೇ ಆಗೋದು. ಅರ್ಧ ನೋಡ್ಕೊಂಡು ಬಂದು ಮಗೀನ ಕೈ ಸುಡಕ್ಕೆ ಹೊರಟಿದೀರಲ್ಲ, ನಿಮ್ಮ ಕಣ್ಣಿಗೇ ಮೊದಲು ಬರೆ ಹಾಕ್ಬೇಕು. ನಾಳೆ ಎಲ್ಲಾರೂ ಇನ್ನೊಂದ್ಸಲ ಬನ್ನಿ. ದೆವ್ವನ ನೋಡ್ಬೇಡಿ. ಆ ಸೊಸೆ ಕೈ ನೋಡಿ.”

ಅಜ್ಜಿಯ ಮಾತನ್ನು ತೆಗೆದುಹಾಕುವ ಧೈರ್ಯ ಯಾರಿಗಿತ್ತು? ಮಾರನೆಯ ಸಂಜೆ ಬೀದಿಗೆ ಬೀದಿಯೇ ಹೊರಟಿತು. ಅಪ್ಪನೂ ಬಂದು ಗಂಡಸರ ಕಡೆ ಹೋಗಿ ಕೂತ. ಅವನು ಬೆಳಗಿನ ಜಾವ ಏಳುವವನು, ದೀಪ ಆರಿದ ಕೂಡಲೇ ನಿದ್ದೆ ಹೋಗುತ್ತಿದ್ದ. ಅವನಿಂದ ಯಾವ ಚಿತ್ರದ ಬಗ್ಗೆಯೂ ಒಂದು ಮಾತು ಸಿಕ್ಕಿದ್ದಿಲ್ಲ. ಅವ್ವ ನನ್ನ ಕಟ್ಟಿದ ಕೈಯನ್ನು ತನ್ನ ಮಡಿಲಲ್ಲಿ ಹಿಡಿದುಕೊಂಡು ಕೂತಿದ್ದಳು.

ದೆವ್ವ ಬಂತು. ಆವತ್ತು ಒಬ್ಬರೂ ಕಿರುಚಲಿಲ್ಲ. ದೆವ್ವಕ್ಕೇ ಅವಮಾನವಾಗಿರಬೇಕು, ಅಷ್ಟು ಜನ ಅದರ ಕಡೆ ನೋಡದೆ ಸೊಸೆಗಾಗಿ ಕಾಯುತ್ತಿದ್ದರು. ಸೊಸೆ ಬಂದಳು. ಬತ್ತಿ ಹೊಸೆದಳು. ಉರಿಯುವ ಕಡ್ಡಿ ಹಿಡಿದ ಕೈ ಮೇಲೆದ್ದಿತು.

“ಎಡಗೈ!” ಎಂದು ಎದುರುಮನೆಯಾಕೆಯೇ ಮೊದಲು ಕೂಗಿದಳು. “ಅಯ್ಯೋ, ಇವಳೂ ಎಡಚಿ ಕಣ್ರೇ!”

ದೀಪ ಹತ್ತಿತು, ದೆವ್ವ ಹೊಗೆಯಾಯಿತು. ಆ ಬೆಳಕು ನಮ್ಮೆಲ್ಲರ ಮುಖದ ಮೇಲೆ ಬಿದ್ದಿತ್ತು. ನನ್ನ ಮುಷ್ಟಿಯ ಬಟ್ಟೆಯ ಗಂಟನ್ನು ಅವ್ವನ ಬೆರಳುಗಳು ಹುಡುಕುತ್ತಿದ್ದವು. ಪರದೆಯಿಂದ ಕಣ್ಣು ತೆಗೆಯದೆ ಅವಳು ಗಂಟು ಬಿಚ್ಚಿದಳು. ಜೋಮು ಹಿಡಿದಿದ್ದ ನನ್ನ ಅಂಗೈಯನ್ನು ಚಿತ್ರ ಮುಗಿಯುವವರೆಗೂ ಉಜ್ಜುತ್ತ ಕೂತಿದ್ದಳು. ಆಗ ನನಗೆ ಅಳು ಬಂತು.

ಮನೆಗೆ ಬರುವ ದಾರಿಯಲ್ಲಿ ಯಾರೋ ಒಬ್ಬಳು, “ಅಲ್ಲಕ್ಕಾ, ಚಿತ್ರದಲ್ಲಿ ಆ ಮನೆ ಮುದುಕಪ್ಪಾನೂ ಎಡಗೈಲೇ ಉಂಡ. ಎಲ್ಲಾರೂ ಎಡಚ್ರೇ ಅಲ್ವಾ?” ಎಂದು ಮಾತು ತೆಗೆದಳು. ಅಜ್ಜಿ ಹಿಂತಿರುಗಿಯೂ ನೋಡದೆ, “ಬೊಂಬಾಯಿ ಕಡೆ ಹಂಗೇ ಇರ್ಬೇಕು. ನಾವೇನು ಹೋಗಿ ನೋಡಿದೀವಾ? ಬೇಗ ಬೇಗ ನಡೀರಿ” ಎಂದಳು. ಮಾತು ಅಲ್ಲಿಗೆ ಮುಗಿಯಿತು.

ಸೋಮವಾರ ಯಾವ ಮುದುಕಿಯೂ ಬರಲಿಲ್ಲ. ಜಗಲಿಯಲ್ಲಿ ಪಾತ್ರೆಗಳು ಒಂದೊಂದಾಗಿ ನನ್ನ ಮುಂದಕ್ಕೆ ಮರಳಿದವು. ಎದುರುಮನೆಯಾಕೆಯಂತೂ ಅತಿಗೆ ಹೋದಳು. ಅವಳ ಮನೆಯಲ್ಲಿ ಮಗುವಿಗೆ ಜ್ವರ ಬಂದರೆ, ಹಸು ಹಾಲು ಕೊಡದಿದ್ದರೆ, “ಬಾರವ್ವ, ಒಂದು ದೀಪ ಹಚ್ಚಿ ಹೋಗು. ಆ ಕೈಲೇ ಹಚ್ಚು” ಎಂದು ನನ್ನನ್ನು ಕರೆದುಕೊಂಡು ಹೋಗಿ ಬೆಲ್ಲ ಕೊಡುತ್ತಿದ್ದಳು. ನಮ್ಮ ಮನೆಯಲ್ಲೂ ಸಂಜೆಯ ದೀಪ ನನ್ನದೇ ಪಾಲಿಗೆ ಬಂತು. ಅವ್ವ ಪಕ್ಕದಲ್ಲಿ ನಿಂತು ನೋಡುತ್ತಿದ್ದಳೇ ಹೊರತು ಕೈ ಬದಲಿಸು ಎನ್ನಲಿಲ್ಲ. ಮುಂದೆ ಮಲ್ಲೇಶ್ವರದ ಕಡೆಯಿಂದ ನನ್ನನ್ನು ನೋಡಲು ಬಂದವರ ಮುಂದೆಯೂ ಅದೇ ಕೈ ದೀಪ ಹಚ್ಚಿತು. ಬಂದವರ ಪೈಕಿ ಒಬ್ಬ ಹಿರಿಯಾಕೆ ಹುಬ್ಬೇರಿಸಿದಾಗ ಎದುರುಮನೆಯಾಕೆ ಮುಂದೆ ಬಂದು ಅರ್ಧ ಗಂಟೆ ಆ ಚಿತ್ರದ ಕತೆ ಹೇಳಿದಳು. ಮದುವೆ ಕುದುರಿತು.

ಮದುವೆಯಾದ ಮಾರನೆಯ ವರ್ಷವಿರಬೇಕು, ನಾನು ತವರಿಗೆ ಬಂದಿದ್ದಾಗ ಅದೇ ಚಿತ್ರ ಮತ್ತೆ ಬಂದಿತ್ತು. ಈ ಸಲ ಡೇರೆಯಲ್ಲಲ್ಲ, ಗೋಡೆ ಇದ್ದ ಚಿತ್ರಮಂದಿರದಲ್ಲಿ. ಹೆಂಗಸರಿಗೆ ಮಹಡಿಯ ಮೇಲೆ ಜಾಗ, ಪರದೆಯ ಎದುರಿಗೆ. ನಾನೂ ಅಜ್ಜಿಯೂ ಹೋದೆವು. ಅವಳು ಸೆರಗಿನ ಗಂಟು ಬಿಚ್ಚಿ ಹುರಿದ ಕಡಲೆಕಾಯಿ ಸುಲಿದು ನನಗೆ ಕೊಡುತ್ತಿದ್ದಳು. ಬಾಗಿಲ ಸಂದಿನಿಂದ ಆ ಕೈ ಬಂತು.

ಬಲಗೈ.

ನಾನು ಕಣ್ಣುಜ್ಜಿಕೊಂಡೆ. ಮುದುಕಪ್ಪ ಬಲಗೈಯಲ್ಲಿ ಉಂಡ. ಸೊಸೆ ಬಲಗೈಯಲ್ಲಿ ದೀಪ ಹಚ್ಚಿದಳು. ಬಟ್ಟೆಯ ಹಿಂದೆ ಕೂತವರಿಗೆ ಎಲ್ಲವೂ ಅದಲುಬದಲಾಗಿ ಕಾಣುತ್ತಿತ್ತೆಂದು ಆಗ ನನಗೆ ಹೊಳೆಯಿತು. ಆ ಚಿತ್ರದಲ್ಲಿ ಎಡಚಿ ಎನ್ನುವವಳು ಒಬ್ಬಳೂ ಇರಲಿಲ್ಲ, ದೆವ್ವವೂ ಅಲ್ಲ, ಸೊಸೆಯೂ ಅಲ್ಲ. ಅಜ್ಜಿಗೆ ಎಷ್ಟು ಬೇಜಾರಾಗುವುದೋ ಎಂದು ನಾನು ಮೆಲ್ಲಗೆ ಅವಳ ಕಡೆ ತಿರುಗಿದೆ. ಅವಳು ಕಡಲೆಕಾಯಿ ಸುಲಿಯುತ್ತಲೇ ಇದ್ದಳು.

“ಅಜ್ಜಿ, ಅವಳು ಎಡಚಿ ಅಲ್ಲ.”

“ಗೊತ್ತು.”

“ಯಾವಾಗಿಂದ?”

“ಮೊದಲ್ನೇ ದಿನದಿಂದ. ಚಿತ್ರದ ಅಷ್ಟೂ ಹೆಂಗಸ್ರಿಗೂ ಸೆರಗು ಬಲ ಭುಜದ ಮೇಲೆ ಬಿದ್ದಿತ್ತಲ್ಲ. ಯಾವ ಸೀಮೇಲಿ ಎಲ್ಲಾ ಹೆಂಗಸ್ರೂ ತಿರುಗಾಮುರುಗಾ ಸೀರೆ ಉಡ್ತಾರೆ?”

ನಾನು ಕೇಳಿದೆ, ಗೊತ್ತಿದ್ದರೆ ಆವತ್ತೇ ಏಕೆ ಹೇಳಲಿಲ್ಲ, ಬರೆ ಬೇಡವೆಂದು ಅವ್ವನಿಗೆ ಒಂದು ಮಾತು ಗದರಿದ್ದರೆ ಸಾಕಿತ್ತಲ್ಲ ಎಂದು.

“ನಾನೊಬ್ಳು ಬೇಡ ಅಂದಿದ್ರೆ ನಾನು ಮಾರ್ಕೆಟ್ಟಿಗೆ ಹೋದಾಗ ಹಾಕ್ಸಿರೋಳು ನಿಮ್ಮವ್ವ. ದೆವ್ವ ಬಲಗೈಯಿಂದ್ಲೇ ಹಿಡೀತು ಅಂದಿದ್ರೂ ನೀನು ಎಡಚಿ ಅನ್ನೋದು ಹೋಗ್ತಿತ್ತಾ? ಆ ಕೈ ಒಳ್ಳೇದು ಅಂತ ಇಡೀ ಬೀದಿ ಹೇಳ್ಬೇಕಿತ್ತು. ಹೇಳ್ತು.”

ಅವಳು ಮುಂದಕ್ಕೆ ಬಾಗಿ ಪರದೆಯನ್ನು ದಿಟ್ಟಿಸಿದಳು. ನಾನು ನನ್ನ ಎಡ ಅಂಗೈಯನ್ನು ಬಿಡಿಸಿ ನೋಡಿಕೊಂಡೆ. ಒಂದು ಗೆರೆಯೂ ಸುಟ್ಟಿರಲಿಲ್ಲ. ಅದನ್ನು ನೋಡುತ್ತಿದ್ದಂತೆ ಅಜ್ಜಿ ಸುಲಿದ ಕಡಲೆಬೀಜವನ್ನೆಲ್ಲ ಅದೇ ಅಂಗೈಗೆ ಸುರಿದಳು.

“ಸುಮ್ನೆ ಚಿತ್ರ ನೋಡು. ದೆವ್ವದ ಪಾದ ಮಾತ್ರ ಆ ಕಡೆಯಿಂದ ನೋಡಿದ್ರೂ ತಪ್ಪು, ಈ ಕಡೆಯಿಂದ ನೋಡಿದ್ರೂ ತಪ್ಪು.”