ಎಡಬೆನ್ನಿನ ಕಾವಲುಗಾರ

ಶನಿವಾರ ಬೆಳಿಗ್ಗೆ ನನ್ನ ಕ್ಷೌರದಂಗಡಿಗೆ ಎಮಿಲ್ ಹ್ರಿಂಕೊ ಬಂದನೆಂದರೆ ಮಿಕ್ಕವರ ಬಾಯಿ ಬಂದ್. ಪೆನ್ಸಿಲ್ವೇನಿಯಾದ ಈ ಉಕ್ಕಿನೂರಿನಲ್ಲಿ, ಅಮೆರಿಕನ್ ಫುಟ್‌ಬಾಲ್ ಆಟದಲ್ಲಿ ಎದುರಾಳಿಗಳು ಮೈಮೇಲೆ ಎರಗುವಾಗಲೂ ಎದೆಗುಂದದೆ ಚೆಂಡೆಸೆದ ಕ್ವಾರ್ಟರ್‌ಬ್ಯಾಕ್ ಯಾರು ಎಂಬ ಜಗಳಕ್ಕೆ ಅವನೇ ನ್ಯಾಯಾಧೀಶ. ನಾವು ಯಾರ ಹೆಸರು ಹೇಳಿದರೂ ಅವನ ತೀರ್ಪು: "ಅವ್ನಾ? ಅವನಿಗಿಂತ ನಮ್ಮಜ್ಜಿ ವಾಸಿ ಕಣೋ!" ಅರ್ಧ ಬೋಳಿಸಿದ ಗಡ್ಡದಲ್ಲೇ ಎದ್ದು, ನನ್ನ ಕುರ್ಚಿಗಳನ್ನೆಲ್ಲ ಎಳೆದಾಡಿ ವ್ಯೂಹ ಕಟ್ಟಿ, ಆ ಭಾರಿ ಮೈಯನ್ನು ಬಾಗಿಸಿ ತೋರಿಸುತ್ತಾನೆ. "ಬಲಗೈಲಿ ಎಸೆಯೋನಿಗೆ ತನ್ನ ಎಡಬೆನ್ನು ಕಾಣಲ್ಲ ಕಣ್ರೋ. ಅಲ್ಲಿ ಕಾಯೋನೊಬ್ಬ ಇದಾನೆ ಅಂತ ನಂಬಿ, ತಿರುಗಿ ನೋಡ್ದೆ ನಿಂತೋನೇ ಗಂಡು!" ಈ ಮಾತು ಬಂದಾಗ ನಮ್ಮೆಲ್ಲರ ಕಣ್ಣು ಕಿಟಕಿಯ ಕಡೆ ಹೋಗುತ್ತದೆ. ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿ ಡ್ವೇನ್ ಕೂತಿರುತ್ತಾನೆ. ಹೈಸ್ಕೂಲು ತಂಡದಲ್ಲಿ ಚೆಂಡೆಸೆಯುತ್ತಿದ್ದವನು, ಕೊನೆಯ ಆಟದಲ್ಲಿ ತಿರುಗಿ ನೋಡದೆ ನಿಂತವನು. ಅವನ ಎಡಬೆನ್ನು ಕಾಯಬೇಕಿದ್ದವನು ಎಮಿಲ್. ಕೆಸರಿನಲ್ಲಿ ಅವನ ಕಾಲು ಜಾರಿತ್ತು, ಪೆಟ್ಟು ಡ್ವೇನ್‌ನ ಬೆನ್ನುಮೂಳೆಗೆ ಬಿದ್ದಿತ್ತು. ನಲವತ್ತೊಂದು ವರ್ಷದಿಂದ ಆ ಕುರ್ಚಿ ತಳ್ಳುತ್ತಿರುವವನೂ ಅವನೇ. ಕ್ಷೌರ ಮುಗಿದ ಮೇಲೆ ಡ್ವೇನ್ ಹೇಳುವುದು ಒಂದೇ ಮಾತು: "ನಡಿಯಪ್ಪ, ಹೋಗಣ." ಎಮಿಲ್ ಹಿಂದೆಯೇ ನಿಂತಿರುತ್ತಾನೆ. ಆದರೂ ಹೊಸ್ತಿಲು ದಾಟುವ ಮುನ್ನ, ಪ್ರತಿ ಸಲವೂ, ಡ್ವೇನ್ ಕತ್ತು ಹೊರಳಿಸಿ ಎಡಗಡೆ ನೋಡಿಕೊಳ್ಳುತ್ತಾನೆ.